ಗೊಂಬೆಯ ಕಂಠಕ್ಕೆ ಉತ್ತರಾಧಿಕಾರಿ ಯಾರು?

ವ್ಯಂಗ್ಯಚಿತ್ರದ ಇಲಿಗೆ ವಯಸ್ಸಾಗುವುದಿಲ್ಲ. 1928ರಲ್ಲಿ ಹಡಗಿನ ಚುಕ್ಕಾಣಿ ಹಿಡಿದು ಶಿಳ್ಳೆ ಹಾಕುತ್ತ ಬೆಳ್ಳಿತೆರೆಗೆ ಬಂದ ಮಿಕ್ಕಿ ಮೌಸ್ ಇಂದಿಗೂ ಚಿಗುರುಮೀಸೆ ಬಾರದ ಹುಡುಗನೇ. ಆದರೆ ಅವನಿಗೆ ದನಿಯನ್ನಿತ್ತ ಮನುಷ್ಯರಿಗೆ ವಯಸ್ಸಾಗುತ್ತದೆ, ಗಂಟಲು ಕೆಡುತ್ತದೆ. ಒಂದು ದಿನ ಅವರು ಇಲ್ಲವಾಗುತ್ತಾರೆ. ಶಾಲೆಯಿಂದ ಮರಳಿ, ಚೀಲವನ್ನು ಮೂಲೆಗೆಸೆದು, ರಾಯಚೂರಿನ ಬಡಾವಣೆಯಲ್ಲೋ ದೇವದುರ್ಗ, ಮಾನ್ವಿಗಳ ಓಣಿಯಲ್ಲೋ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತ ಮಗುವಿಗೆ ಇದರ ಸುಳಿವೂ ಇರುವುದಿಲ್ಲ. ಇರಬಾರದು ಎಂಬುದೇ ಕಂಠದಾನದ ವೃತ್ತಿಧರ್ಮ.

ಮಿಕ್ಕಿಯ ಮೊದಲ ಕಂಠ ಅವನ ಜನಕನಾದ ವಾಲ್ಟ್ ಡಿಸ್ನಿಯದೇ. 1940ರ ದಶಕದ ನಡುವಿನಲ್ಲಿ, ಕೆಲಸದ ಹೊರೆ ಹೆಚ್ಚಿದಾಗ, ಆತ ಆ ಕಾರ್ಯವನ್ನು ತನ್ನದೇ ಸಂಸ್ಥೆಯಲ್ಲಿ ಗುಡುಗು, ಗಾಳಿ, ಗಡಿಯಾರಗಳ ಸದ್ದನ್ನು ಸೃಷ್ಟಿಸುತ್ತಿದ್ದ ಜಿಮ್ಮಿ ಮ್ಯಾಕ್‌ಡೊನಾಲ್ಡನಿಗೆ ಒಪ್ಪಿಸಿದ. ಆತನ ಕೈಕೆಳಗೆ ಶಬ್ದವಿದ್ಯೆ ಕಲಿತ ವೇನ್ ಆಲ್ವೈನ್ 1977ರಿಂದ 2009ರಲ್ಲಿ ತೀರಿಕೊಳ್ಳುವವರೆಗೆ ಮಿಕ್ಕಿಯಾಗಿ ಮಾತನಾಡಿದ. ಸ್ವಾರಸ್ಯವೆಂದರೆ, ಮಿಕ್ಕಿಯ ಜೊತೆಗಾತಿ ಮಿನ್ನಿಗೆ ಕಂಠ ನೀಡುತ್ತಿದ್ದ ರುಸ್ಸಿ ಟೇಲರ್ ಎಂಬಾಕೆಯನ್ನೇ ಈತ ವಿವಾಹವಾದ. ಮುಂದೆ ಬಂದ ಬ್ರೆಟ್ ಐವನ್ ಶುಭಾಶಯ ಪತ್ರಗಳಿಗೆ ಚಿತ್ರ ಬರೆಯುತ್ತಿದ್ದ ಕಲಾವಿದ. ಆಲ್ವೈನನ ಸಹಾಯಕ್ಕೆಂದು ಅವನನ್ನು ಆರಿಸಿದ್ದರು. ಆದರೆ ಅವರಿಬ್ಬರ ಭೇಟಿಯೇ ಆಗಲಿಲ್ಲ, ಅಷ್ಟರೊಳಗೆ ಗುರು ಹೊರಟುಹೋಗಿದ್ದ.

ಡೊನಾಲ್ಡ್ ಬಾತುಕೋಳಿಯ ಅದೃಷ್ಟ ಇದಕ್ಕಿಂತ ಚೆನ್ನಾಗಿತ್ತು. ಆ ಸಿಡುಕನ ದನಿ ಗಂಟಲಿನಿಂದ ಹೊರಡುವುದಲ್ಲ. ಕೆನ್ನೆಯೊಳಗೆ ಗಾಳಿಯನ್ನು ಒತ್ತಿ ಹಿಡಿದು ಹಿಂಡುವುದರಿಂದ ಬರುವಂಥದು. ಒಮ್ಮೆ ಪ್ರಯತ್ನಿಸಿ ನೋಡಿ, ಮನೆಯವರು ನಕ್ಕರೆ ನಾವು ಹೊಣೆಯಲ್ಲ! 1934ರಿಂದ ಅರ್ಧ ಶತಮಾನ ಕಾಲ ಹಾಗೆ ಮಾತನಾಡಿದ ಕ್ಲಾರೆನ್ಸ್ ನ್ಯಾಶ್, ತನ್ನ ಕೊನೆಗಾಲದಲ್ಲಿ ಟೋನಿ ಆನ್ಸೆಲ್ಮೊ ಎಂಬ ತರುಣ ಚಿತ್ರಕಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ವಿದ್ಯೆಯನ್ನು ಹೇಳಿಕೊಟ್ಟ. 1985ರಲ್ಲಿ ನ್ಯಾಶ್ ತೀರಿಕೊಂಡಾಗ ಬಾತುಕೋಳಿ ಮೂಕವಾಗಲಿಲ್ಲ.

ಮೆಲ್ ಬ್ಲಾಂಕನ ಕಥೆ ಬೇರೆ. ಬಗ್ಸ್ ಬನ್ನಿ ಎಂಬ ಮೊಲ, ಡ್ಯಾಫಿ ಎಂಬ ಬಾತುಕೋಳಿ, ತೊದಲುವ ಹಂದಿ ಪೋರ್ಕಿ, ಎಲ್ಲರೂ ಅವನೊಬ್ಬನ ಗಂಟಲಲ್ಲಿ ಒಕ್ಕಲಿದ್ದರು. 1961ರಲ್ಲಿ ಮೋಟಾರು ಅಪಘಾತದಲ್ಲಿ ಪ್ರಜ್ಞೆತಪ್ಪಿ ದಿನಗಟ್ಟಲೆ ಮಲಗಿದ್ದವನನ್ನು ವೈದ್ಯರು ಹೆಸರು ಹಿಡಿದು ಕರೆದಾಗ ಓಗೊಡಲಿಲ್ಲವಂತೆ, “ಬಗ್ಸ್ ಬನ್ನಿ, ಹೇಗಿದ್ದೀಯೆ?” ಎಂದಾಗ ಮೊಲದ ದನಿಯಲ್ಲಿ ಉತ್ತರ ಬಂತಂತೆ. 1989ರಲ್ಲಿ ಅವನು ಕಣ್ಮುಚ್ಚಿದ ಮೇಲೆ ಆ ಸಂಸಾರವನ್ನು ಹಲವು ಕಲಾವಿದರು ಹಂಚಿಕೊಳ್ಳಬೇಕಾಯಿತು. ಅಂದಿನಿಂದ ಮೊಲದ ಕಂಠ ಹಲವು ಬಾರಿ ಕೈಬದಲಾಗಿದೆ. ಹಳೆಯ ಚಿತ್ರಗಳನ್ನು ಬಲ್ಲವರ ಕಿವಿಗೆ ವ್ಯತ್ಯಾಸ ತಿಳಿಯದೆ ಇರುವುದಿಲ್ಲ.

ಹಾಲಿವುಡ್ಡಿನ ಈ ಮಾತು ನಮ್ಮ ಸೀಮೆಗೇಕೆ ಎಂದು ಓದುಗರು ಕೇಳಬಹುದು. ಬೆಳಕು ಬಿದ್ದ ಬಿಳಿಯ ಪರದೆ, ಅದರ ಮೇಲೆ ಕುಣಿಯುವ ಬಣ್ಣದ ಚಿತ್ರ, ಹಿಂದೆ ಅಡಗಿ ಕುಳಿತ ಕಂಠ: ಡಿಸ್ನಿ ಹುಟ್ಟುವುದಕ್ಕೆ ಬಹುಕಾಲ ಮೊದಲೇ ಇದು ತುಂಗಭದ್ರೆ, ಕೃಷ್ಣೆಯರ ನಡುವಿನ ಹಳ್ಳಿಗಳಲ್ಲಿ ಇತ್ತು. ತೊಗಲುಗೊಂಬೆಯಾಟವೆಂದರೆ ಅದೇ. ರಾಮ, ರಾವಣ, ಭೀಮ, ಕೀಚಕರು ಆಟದ ದೊಡ್ಡ ಪಾತ್ರಗಳು, ದಿಟ. ಆದರೆ ನಿದ್ದೆಗಣ್ಣಿನ ಹುಡುಗರನ್ನು ಎಬ್ಬಿಸಿ ಕೂರಿಸುತ್ತಿದ್ದವರು ಡೊಳ್ಳುಹೊಟ್ಟೆಯ, ಕಪ್ಪು ಮೈಯ, ವಕ್ರಮೂತಿಯ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ಯಾವ ಪ್ರಸಂಗವಾದರೂ ಸರಿ, ಈ ಜೋಡಿ ಹಾಜರು. ದೇವತೆಗಳು ಗ್ರಂಥದ ಭಾಷೆಯಲ್ಲಿ ಮಾತನಾಡಿದರೆ ಇವರದು ಓಣಿಯ ಮಾತು, ಬಾಯಿಗೆ ಬೀಗವಿಲ್ಲ. ಆ ಊರಿನ ಗೌಡನನ್ನೂ ಶಾನುಭೋಗನನ್ನೂ ಲೇವಡಿ ಮಾಡುವ ಸಲುಗೆ ಇವರಿಗೆ ಮಾತ್ರ.

ಪರದೆಯ ಹಿಂದಿನ ಮುಖ್ಯ ಕಲಾವಿದ ಗೊಂಬೆಯನ್ನು ಆಡಿಸುತ್ತ, ಕಾಲಡಿಯ ಹಲಗೆಯನ್ನು ತಟ್ಟುತ್ತ, ಹಾಡುತ್ತ, ರಾವಣನಾಗಿ ಗರ್ಜಿಸಿ ಮರುಗಳಿಗೆಯಲ್ಲಿ ಕಿಳ್ಳೇಕ್ಯಾತನಾಗಿ ಕಿರಿಚಬೇಕು. ಹೆಣ್ಣುಪಾತ್ರಗಳಿಗೆ ಮನೆಯ ಹೆಂಗಸರ ದನಿ. ಮಗ್ಗುಲಲ್ಲಿ ಕುಳಿತ ಮಕ್ಕಳು ಗೊಂಬೆಗಳನ್ನು ಕೈಗೆ ಎತ್ತಿಕೊಡುತ್ತಲೇ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಈ ಜನರ ಮನೆಮಾತು ಒಂದು ಬಗೆಯ ಮರಾಠಿ. ಪರದೆಯ ಹಿಂದೆ ಮಾತ್ರ ಅಚ್ಚ ಕನ್ನಡ! ಅಂದರೆ ಕಂಠದೊಡನೆ ಒಂದು ಭಾಷೆಯನ್ನೂ ಅವರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಇನ್ನೊಂದು ವಿಚಿತ್ರ ನೋಡಿ: ಹಾಲಿವುಡ್ಡಿನಲ್ಲಿ ಕಂಠದ ಒಡೆಯ ಪಾತ್ರದ ಹಿಂದೆ ಮರೆಯಾಗುತ್ತಾನೆ, ಇಲ್ಲಿ ಪಾತ್ರದ ಹೆಸರೇ ಇಡೀ ಸಮುದಾಯಕ್ಕೆ ಅಂಟಿಕೊಂಡು, ಕಿಳ್ಳೇಕ್ಯಾತರು ಎಂದೇ ಅವರು ಪ್ರಸಿದ್ಧರಾದರು.

ಗುರುವಿನ ಬಳಿ ಕುಳಿತು ದನಿ ಪಡೆಯುವುದು ಈ ಸೀಮೆಗೆ ಹೊಸತೂ ಅಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರಿಂದ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರಿಗೆ, ಅವರಿಂದ ಮತ್ತೆ ಮಾನ್ವಿಯ ಜಗನ್ನಾಥದಾಸರಿಗೆ ದಾಸಪರಂಪರೆ ಹರಿದುಬಂದದ್ದು ಹೀಗೆಯೇ. ಆದರೆ ಅಲ್ಲಿ ಶಿಷ್ಯನಿಗೆ ತನ್ನದೇ ಅಂಕಿತವುಂಟು: ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂದು. ಗೊಂಬೆಗೆ ಕಂಠ ಕೊಡುವವನಿಗೆ ಆ ಭಾಗ್ಯವಿಲ್ಲ. ತನ್ನ ಗುರುತು ಕೇಳಿಸಿತೆಂದರೆ ಅವನು ಸೋತಂತೆ.

ಗುರುವಿಲ್ಲದೆಯೂ ಕಂಠವನ್ನು ಉಳಿಸಬಹುದೆಂದು ಈಗ ಯಂತ್ರ ಹೇಳುತ್ತಿದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರಿನಲ್ಲಿ ಅಗಲಿದಾಗ ಅವರ ‘ಜೇಮ್ಸ್’ ಚಿತ್ರಕ್ಕೆ ಧ್ವನಿ ನೀಡುವುದು ಉಳಿದಿತ್ತು. ಅಣ್ಣ ಶಿವರಾಜ್‌ಕುಮಾರ್ ತಮ್ಮನಿಗಾಗಿ ಮಾತನಾಡಿದರು. 2022ರ ಮಾರ್ಚಿನಲ್ಲಿ ಚಿತ್ರ ಹಾಗೆಯೇ ತೆರೆ ಕಂಡಿತು. ಮುಂದಿನ ತಿಂಗಳು ತಂತ್ರಜ್ಞಾನದ ನೆರವಿನಿಂದ ಪುನೀತರ ದನಿಯನ್ನೇ ಜೋಡಿಸಿದ ಪ್ರತಿಯೂ ಬಂತು. ಅಭಿಮಾನಿಗಳು ಎರಡನೆಯದಕ್ಕೆ ಹಾತೊರೆದದ್ದು ಸಹಜ. ಆದರೂ ತಮ್ಮನ ಮುಖದಿಂದ ಅಣ್ಣನ ದನಿ ಹೊರಟ ಆ ಮೊದಲ ಪ್ರತಿಯಲ್ಲಿ, ನಮ್ಮ ಮಟ್ಟಿಗೆ, ಯಂತ್ರಕ್ಕೆ ಎಟುಕದ ಒಂದು ಆರ್ದ್ರತೆಯಿತ್ತು.

ಕಂಠವನ್ನು ಬದಲಿಸಲೇಬೇಕಾದ ಸಂದರ್ಭವೂ ಉಂಟು. ಅಮೆರಿಕದ ‘ಸಿಂಪ್ಸನ್ಸ್’ ಮಾಲಿಕೆಯ ಭಾರತೀಯ ಅಂಗಡಿಕಾರ ಅಪುವಿಗೆ ಹ್ಯಾಂಕ್ ಅಜಾರಿಯ ಎಂಬ ಬಿಳಿಯ ನಟ ಬಹುಕಾಲ ಕಂಠ ನೀಡಿದ. ನಮ್ಮವರ ಉಚ್ಚಾರವನ್ನು ಅಣಕಿಸುವ ಆ ದನಿಯಿಂದಾಗಿ ಶಾಲೆಗಳಲ್ಲಿ ಗೇಲಿಗೊಳಗಾದ ಭಾರತೀಯ ಮೂಲದ ಮಕ್ಕಳು ಬೆಳೆದು ದೊಡ್ಡವರಾಗಿ ಪ್ರಶ್ನಿಸಿದರು. ಇನ್ನು ತಾನು ಆ ಪಾತ್ರ ಮಾಡುವುದಿಲ್ಲವೆಂದು 2020ರಲ್ಲಿ ಆತ ತಿಳಿಸಿದ. ಕೇಳುವ ಮಗು ಆ ದನಿಯಲ್ಲಿ ತನ್ನನ್ನು ಹೇಗೆ ಕಾಣುತ್ತದೆ ಎಂಬುದೂ ಲೆಕ್ಕಕ್ಕೆ ಬಂತು.

ಆ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ. ಕನ್ನಡದಲ್ಲಿ ಪರಭಾಷಾ ಚಿತ್ರಗಳ ಡಬ್ಬಿಂಗಿಗೆ 1960ರ ದಶಕದಿಂದ ಅಲಿಖಿತ ತಡೆಯಿತ್ತು. ಅದಕ್ಕೆ ವಿರುದ್ಧವಾಗಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದದ್ದು 2015ರಲ್ಲಿ. ಅದಕ್ಕೂ ಮೊದಲೇ, 2009ರಲ್ಲಿ, ‘ಚಿಂಟು’ ವಾಹಿನಿಯ ಮೂಲಕ ಪರದೇಶದ ವ್ಯಂಗ್ಯಚಿತ್ರಗಳು ಮಕ್ಕಳಿಗೆ ಕನ್ನಡದಲ್ಲಿ ದೊರೆತವು. ಸಂತೋಷವೇ. ಆದರೆ ಅವು ಆಡುವುದು ಬಹುಮಟ್ಟಿಗೆ ಬೆಂಗಳೂರಿನ ಕನ್ನಡ. ಅಜ್ಜಿ “ಯಾಕ ಅಳ್ತಿ ಯಪ್ಪಾ?” ಎಂದರೆ ಮೊಮ್ಮಗ ಪೆಟ್ಟಿಗೆಯಿಂದ ಕಲಿತ ನುಡಿಯಲ್ಲಿ ಉತ್ತರ ಕೊಡುತ್ತಾನೆ. ಒಂದು ಮೊಲವಾದರೂ ರಾಯಚೂರಿನ ಮಾತು ಆಡಬಾರದೇಕೆ? ಕಿಳ್ಳೇಕ್ಯಾತನ ಕಾಲದಲ್ಲಿ ನಗೆಯ ಪಾತ್ರದ ದನಿ ಕೇಳುವವರ ಓಣಿಯದೇ ಆಗಿತ್ತು.

1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳದ ಮೋರನಾಳದಲ್ಲಿ ಆ ಪರಂಪರೆ ಇನ್ನೂ ಉಸಿರಾಡುತ್ತಿದೆ. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಹೊರದೇಶಗಳಿಗೂ ಗೊಂಬೆಗಳನ್ನು ಕೊಂಡೊಯ್ದು ಆಡಿಸಿದ ಹಿರಿಯ ಜೀವ ಅವರು. ಬಣ್ಣ ಮಾಸದ ಹಳೆಯ ಗೊಂಬೆಗಳನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ಯಾರು ಬೇಕಾದರೂ ಕಾಣಬಹುದು. ಅವುಗಳ ಮಾತು ಕೇಳಬೇಕಾದರೆ ಮಾತ್ರ ಮೋರನಾಳದಂಥ ಊರಿನ ದಾರಿ ಹಿಡಿಯಬೇಕು. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.