ಬಾಲಸಂಗೀತಕಾರರಾಗಿ ಬಿ. ವಿ. ಕಾರಂತರು

ಕನ್ನಡದಲ್ಲಿ ಮಕ್ಕಳ ಸಾಹಿತ್ಯವನ್ನು ಕುರಿತು ತಕ್ಕಮಟ್ಟಿಗೆ ವಿಚಾರ ನಡೆದಿದೆ. ಪಂಜೆ ಮಂಗೇಶರಾಯರು (1874–1937) ಹಾಕಿದ ಅಡಿಗಲ್ಲಿನ ಮೇಲೆ ಜಿ. ಪಿ. ರಾಜರತ್ನಂ, ದಿನಕರ ದೇಸಾಯಿ ಮೊದಲಾದವರು ಕಟ್ಟಿದುದನ್ನು ವಾಚಕರು ಬಲ್ಲರು. ಇವರಲ್ಲಿ ದೇಸಾಯಿಯವರು ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯ ಕಾರ್ಮಿಕರ ನಡುವೆ ದುಡಿದವರೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಮಕ್ಕಳ ಸಾಹಿತ್ಯವು ಮೊದಲು ಕಿವಿಯ ಸಾಹಿತ್ಯ, ಆಮೇಲೆ ಕಣ್ಣಿನದು. ಅದರ ನಾದಾಂಗವನ್ನು ಕುರಿತು, ಅಂದರೆ ಮಕ್ಕಳು ಹಾಡುವ, ಮಕ್ಕಳಿಗಾಗಿ ಕಟ್ಟುವ ಸಂಗೀತವನ್ನು ಕುರಿತು, ನಮ್ಮಲ್ಲಿ ನಡೆದಿರುವ ವಿವೇಚನೆ ಅಲ್ಪ. ಈ ಕೊರತೆಯನ್ನು ಎಣಿಸಿಕೊಂಡೇ ಬಿ. ವಿ. ಕಾರಂತರ ಜೀವನವನ್ನು ಇಲ್ಲಿ ಒಂದು ವಿಶಿಷ್ಟ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಕಾರಂತರನ್ನು ನಾಡು ರಂಗನಿರ್ದೇಶಕರೆಂದು ಬಲ್ಲುದು. ‘ಚೋಮನ ದುಡಿ’ (1975)ಯ ನಿರ್ದೇಶಕರೆಂದು ಬಲ್ಲುದು. ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದವರೆಂದೂ ಬಲ್ಲುದು. ಮಕ್ಕಳಿಗಾಗಿ ಅವರು ಮಾಡಿದ ಕೆಲಸವನ್ನು ಈ ಕೀರ್ತಿಗಳ ಬಾಲದಲ್ಲಿ ಒಂದು ವಾಕ್ಯವಾಗಿ ಸೇರಿಸುವುದು ರೂಢಿ. ವಸ್ತುತಃ ಅವರ ಸಂಗೀತದ ಮೂಲತತ್ತ್ವವು ಅತ್ಯಂತ ನಿಚ್ಚಳವಾಗಿ ಕಾಣುವುದು ಮಕ್ಕಳ ನಾಟಕಗಳಲ್ಲಿಯೇ. ನಾದದ ಮೂಲಕ ಮಾತು, ಮಾತಿನ ಮೂಲಕ ಅರ್ಥ ಎಂಬುದೇ ಆ ತತ್ತ್ವ. ಪರಭಾಷೆಯ ನಗರದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದು ಕೇವಲ ಕಲಾವಿಚಾರವಲ್ಲ.

ಜೀವನದ ರೇಖೆ

ಬಾಬುಕೋಡಿ ವೆಂಕಟರಮಣ ಕಾರಂತರು 1929ರ ಸೆಪ್ಟೆಂಬರ್ 19ರಂದು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಜನಿಸಿದರು. ಪಂಜೆಯವರ ಹುಟ್ಟೂರೂ ಬಂಟ್ವಾಳವೇ ಎಂಬುದನ್ನು ನೆನೆದರೆ, ಕನ್ನಡದ ಶಿಶುಗೀತೆಗೂ ಶಿಶುರಂಗದ ಸಂಗೀತಕ್ಕೂ ಒಂದೇ ನೆಲ ನೀರೆರೆದಂತೆ ತೋರುತ್ತದೆ. ಅದು ಯಕ್ಷಗಾನದ ನೆಲ. ಭಾಗವತರ ಕಂಠ, ಮದ್ದಳೆ, ಚೆಂಡೆ, ಪಾತ್ರಧಾರಿಯ ಗೆಜ್ಜೆ, ಮಾತುಗಾರಿಕೆ ಇವೆಲ್ಲ ಅಲ್ಲಿ ಬೇರೆ ಬೇರೆಯಲ್ಲ. ಒಂದೇ ಉಸಿರಿನ ಹಲವು ರೂಪಗಳು.

ಪ್ರಾಥಮಿಕ ಶಾಲೆಯಲ್ಲಿದ್ದಾಗ ಪಿ. ಕೆ. ನಾರಾಯಣರ ನಿರ್ದೇಶನದಲ್ಲಿ ‘ನನ್ನ ಗೋಪಾಲ’ದಲ್ಲಿ ಪಾತ್ರ ವಹಿಸಿದುದು ಅವರ ಮೊದಲ ರಂಗಪ್ರವೇಶ. ಅದು ಕುವೆಂಪು ಅವರು ಮಕ್ಕಳಿಗಾಗಿ ಬರೆದ ನಾಟಕ. ಮುಂದೆ ದೇಶದ ರಂಗಭೂಮಿಯನ್ನೇ ಆಳಿದವರ ಬಾಳು ಮಕ್ಕಳ ನಾಟಕದಿಂದ ಮೊದಲಾಯಿತೆಂಬುದು ಗಮನಿಸತಕ್ಕ ಅಂಶ. ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ಓಡಿಹೋಗಿ ಅವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಹಾಡಿಲ್ಲದೆ ನಾಟಕವೇ ಇಲ್ಲ ಎಂಬುದು ಕಂಪನಿ ರಂಗಭೂಮಿಯ ನಂಬಿಕೆ; ಪೇಟಿಯ ಮನೆಗಳ ಮೇಲೆ ಕೈಯಾಡಿಸುತ್ತ ಅಲ್ಲಿಯೇ ಒಂದು ಮಟ್ಟನ್ನು ಹುಟ್ಟಿಸುವ ವಿದ್ಯೆ ಅವರಿಗೆ ಬಂದುದು ಈ ಪಾಠಶಾಲೆಯಿಂದ. ಹುಡುಗನ ಪ್ರತಿಭೆಯನ್ನು ಕಂಡ ವೀರಣ್ಣನವರು ಅವರನ್ನು ಕಾಶಿಗೆ ಕಳುಹಿಸಿದರು. ಅಲ್ಲಿ ಎಂ. ಎ. ವ್ಯಾಸಂಗದ ಜೊತೆಗೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ಥಾನೀ ಸಂಗೀತದ ಅಭ್ಯಾಸವೂ ನಡೆಯಿತು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಅವರು ಪದವಿ ಪಡೆದರು.

ಯಕ್ಷಗಾನ, ಕಂಪನಿ ನಾಟಕ, ಖಯಾಲ್, ಆಧುನಿಕ ರಂಗಶಿಕ್ಷಣ ಎಂಬ ಈ ನಾಲ್ಕು ಹೊಳೆಗಳು ಕೂಡಿದ ಮೇಲೆ ಅವರು ಕೈಗೊಂಡ ಕೆಲಸವೇನು? 1969ರಿಂದ 1972ರವರೆಗೆ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಶಾಲಾಮಕ್ಕಳಿಗೆ ನಾಟಕ ಕಲಿಸಿದರು. ಬೆಂಗಳೂರಿನಲ್ಲಿ 1972ರಲ್ಲಿ ‘ಜೋಕುಮಾರಸ್ವಾಮಿ’ ಮೊದಲಾದ ಪ್ರಯೋಗಗಳಿಂದ ಕನ್ನಡ ರಂಗಭೂಮಿಯ ಗತಿಯನ್ನೇ ಬದಲಿಸುವ ಮುನ್ನಿನ ವರ್ಷಗಳು ಮಕ್ಕಳ ನಡುವೆ ಕಳೆದುವು. ಆ ಬಳಿಕದ ಪದವಿಗಳು ಸರ್ವವಿದಿತ: ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕತ್ವ (1977–81), ಭೋಪಾಲದ ಭಾರತ ಭವನದ ರಂಗಮಂಡಲ (1981–86), ಮೈಸೂರಿನ ರಂಗಾಯಣದ ಸ್ಥಾಪನೆ (1989). 1981ರಲ್ಲಿ ಪದ್ಮಶ್ರೀ ಬಂದಿತು. 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥನದ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ವಲಸಿಗನಾದ ಯಾವ ಕನ್ನಡಿಗನೂ ಈ ಹೆಸರನ್ನು ಓದಿ ಒಂದು ಕ್ಷಣ ನಿಲ್ಲದಿರಲಾರನು.

ಮಕ್ಕಳ ರಂಗದಲ್ಲಿ ಅವರ ಪತ್ನಿ ಪ್ರೇಮಾ ಕಾರಂತರ ಪಾಲನ್ನು ಬೇರೆಯಾಗಿಯೇ ಹೇಳಬೇಕು. 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿದವರು ಅವರೇ. ‘ಪಂಜರಶಾಲೆ’, ‘ನೀಲಿ ಕುದುರೆ’, ‘ಹೆಡ್ಡಾಯಣ’, ‘ಅಳಿಲು ರಾಮಾಯಣ’ ಮುಂತಾದ ನಾಟಕಗಳು ಈ ದಂಪತಿಗಳ ಹೆಸರಿನೊಡನೆ ಬೆರೆತುಹೋಗಿವೆ.

ಪಂಜರಶಾಲೆಯ ಅರ್ಥ

ಇವುಗಳಲ್ಲಿ ‘ಪಂಜರಶಾಲೆ’ಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. ಇದರ ಮೂಲ ರವೀಂದ್ರನಾಥ ಠಾಕೂರರ ಗಿಳಿಯ ಕಥೆ. ಒಂದು ಹಕ್ಕಿ ಹಾಡುತ್ತ, ಹಾರುತ್ತ, ಶಾಸ್ತ್ರದ ಗಂಧವಿಲ್ಲದೆ ಬಾಳುತ್ತಿದ್ದಿತು. ಅದಕ್ಕೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಯಿತು. ಮೊದಲು ಚಿನ್ನದ ಪಂಜರ ಸಿದ್ಧವಾಯಿತು. ಅಕ್ಕಸಾಲಿಗನಿಗೆ ಬಹುಮಾನ ಸಂದಿತು. ಆಮೇಲೆ ಪಂಡಿತರು ಬಂದರು. ಪೋಥಿಗಳ ನಕಲುಗಳು ಬೆಟ್ಟವಾದುವು. ಮೇಲ್ವಿಚಾರಕರು, ಅವರ ಮೇಲಿನ ಮೇಲ್ವಿಚಾರಕರು, ಎಲ್ಲರೂ ಸುಖವಾಗಿದ್ದರು. ಹಕ್ಕಿಯ ಬಾಯಿಗೆ ಕಾಳು ನೀರಿಗೆ ಬದಲಾಗಿ ಹಾಳೆಗಳನ್ನು ತುರುಕಿದರು. ಕಡೆಗೆ ಹಕ್ಕಿ ಸತ್ತಿತು. ರಾಜನು ಒತ್ತಿ ನೋಡಿದಾಗ ಒಳಗಿನಿಂದ ಒಣಹಾಳೆಯ ಸರಸರ ಸದ್ದು ಮಾತ್ರ ಕೇಳಿಸಿತು.

ವಿದ್ಯಾಪದ್ಧತಿಯ ವಿಡಂಬನೆಯಾಗಿ ಈ ಕಥೆ ಪ್ರಸಿದ್ಧವಾಗಿದೆ. ಆದರೆ ಸಂಗೀತದ ಕಿವಿಯಿಂದ ಕೇಳಿದರೆ ಇದು ಎರಡು ಶಬ್ದಗಳ ಕಥೆ. ಆದಿಯಲ್ಲಿ ಹಕ್ಕಿಯ ಹಾಡು; ಅಂತ್ಯದಲ್ಲಿ ಹಾಳೆಯ ಸದ್ದು. ನಡುವೆ ನಡೆದುದಿಷ್ಟೇ: ಹಾಡಿನ ಸ್ಥಾನವನ್ನು ಬರಹವು ಆಕ್ರಮಿಸಿತು. ಕಾರಂತರಂಥವರ ಕೈಗೆ ಇದು ಬಂದುದು ಆಕಸ್ಮಿಕವೆನ್ನಲಾಗದು. ಬರಹದ ಮೇಲೆ ದ್ವೇಷವಿದ್ದವರಲ್ಲ ಅವರು, ಸ್ವತಃ ಎಂ. ಎ. ಪದವೀಧರರು. ಬರಹವು ಹಾಡಿನ ಬೆನ್ನಿಗೆ ಬರಬೇಕೇ ಹೊರತು ಅದರ ಕೊರಳಿಗೆ ಬರಬಾರದೆಂಬುದೇ ನಾಟಕದ ನೀತಿ.

ನಾದದ ಕ್ರಮ

ಕಾರಂತರ ರಂಗಸಂಗೀತದ ಕ್ರಮವನ್ನು ಸ್ಥೂಲವಾಗಿ ಮೂರು ಅಂಶಗಳಲ್ಲಿ ವಿವರಿಸಬಹುದು.

ಮೊದಲನೆಯದು, ಮಾತಿನ ಒಳಗಿರುವ ಲಯವನ್ನು ಹೊರತೆಗೆಯುವುದು. ಸಿದ್ಧವಾದ ಒಂದು ರಾಗಕ್ಕೆ ಮಾತನ್ನು ಹೊಂದಿಸುವುದಲ್ಲ. ಮಾತು ತಾನಾಗಿ ಹೇಗೆ ನಡೆಯುತ್ತದೋ ಆ ನಡಿಗೆಯನ್ನೇ ಹಿಗ್ಗಿಸಿ ಹಾಡಾಗಿಸುವುದು. ಇದರ ಮರ್ಮವನ್ನು ತಿಳಿಯಲು ನಾಟಕದವರೆಗೂ ಹೋಗಬೇಕಾಗಿಲ್ಲ. ಮಗುವಿನ ಎಣಿಕೆಯನ್ನು ಕೇಳಿದರೆ ಸಾಕು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು: ಛಂದಸ್ಸಿನ ಲೆಕ್ಕದಲ್ಲಿ ಇವು ಪ್ರತಿಯೊಂದೂ ಮೂರು ಮಾತ್ರೆ. ‘ಎರಡು’ ಎಂಬಲ್ಲಿ ಮೂರು ಲಘುಗಳು. ಉಳಿದವುಗಳಲ್ಲಿ ಒಂದು ಗುರು, ಒಂದು ಲಘು. ಕಾಲ ಒಂದೇ, ತುಂಬುವ ರೀತಿ ಬೇರೆ. ‘ಒಂಬತ್ತು’ ಬಂದಾಗ ಮಾತ್ರೆ ಐದಾಗಿ ನಡಿಗೆ ಮುಗ್ಗರಿಸುತ್ತದೆ. ‘ಹತ್ತು’ ಮತ್ತೆ ಮೂರು ಮಾತ್ರೆಗೆ ತಂದು ನಿಲ್ಲಿಸುತ್ತದೆ. ಚಪ್ಪಾಳೆ ತಟ್ಟುತ್ತ ಎಣಿಸುವ ಮಗು ಈ ತೊಡಕನ್ನು ತಾನೇ ಬಿಡಿಸಿಕೊಳ್ಳುತ್ತದೆ: ಒಂಬತ್ತನ್ನು ಅವಸರದಿಂದ ಅಡಕುತ್ತದೆ, ಇಲ್ಲವೆ ಎರಡು ತಟ್ಟಿಗೆ ಹಂಚುತ್ತದೆ. ತಿಶ್ರಗತಿಯ ಪಾಠ ಇದಕ್ಕಿಂತ ಸುಲಭವಾಗಿ ಆಗುವುದುಂಟೆ?

ಎರಡನೆಯದು, ವಸ್ತುಗಳ ಸದ್ದು. ಕಲ್ಲು, ಮರದ ತುಂಡು, ಕಾಗದ, ಲೋಹದ ಚೂರು ಹೀಗೆ ಕೈಗೆ ಸಿಕ್ಕಿದುದೆಲ್ಲ ಅವರಿಗೆ ವಾದ್ಯ. ಮಕ್ಕಳ ವಿಷಯದಲ್ಲಿ ಇದಕ್ಕೆ ವಿಶೇಷ ಬೆಲೆಯಿದೆ. ವೀಣೆಯನ್ನೋ ತಬಲವನ್ನೋ ಸಾಧಿಸಲು ವರ್ಷಗಳು ಬೇಕು, ಹಣವೂ ಬೇಕು. ಎರಡು ಗರಟೆಗಳನ್ನು ಕುಟ್ಟಿ ಕುದುರೆಯನ್ನು ಬರಮಾಡಿಕೊಳ್ಳಲು ಇವೆರಡೂ ಬೇಡ. ಹೀಗೆ ಹುಟ್ಟಿದ ನಾದವು ಅಗ್ಗದ ನಾದವಲ್ಲ. ಕೇಳುವ ಕಿವಿಯನ್ನು ಅದು ತಿದ್ದುತ್ತದೆ.

ಮೂರನೆಯದು, ಮೇಳ. ಎಳೆಯ ಕಂಠದ ವ್ಯಾಪ್ತಿ ಕಿರಿದು, ಉಸಿರು ಮೋಟು. ಒಬ್ಬನನ್ನೇ ಮುಂದೆ ನಿಲ್ಲಿಸಿದರೆ ಈ ಮಿತಿಗಳು ಎದ್ದು ಕಾಣುತ್ತವೆ. ಹತ್ತು ಮಂದಿ ಒಂದಾಗಿ ಹಾಡಿದರೆ ಮಿತಿಯೇ ಬಣ್ಣವಾಗುತ್ತದೆ. ಒಬ್ಬ ಕೇಳುವುದು, ಉಳಿದವರು ಉತ್ತರಿಸುವುದು; ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಹಿಡಿಯುವುದು. ನಾಚುವ ಮಗುವೂ ಮೇಳದಲ್ಲಿ ಬಾಯಿ ತೆರೆಯುತ್ತದೆ.

ಒಂದು ಆಕ್ಷೇಪ

ಕಾರಂತರ ನಾಟಕಗಳಲ್ಲಿ ಸಂಗೀತವು ಮಾತನ್ನು ನುಂಗಿತೆಂಬ ಆಕ್ಷೇಪವುಂಟು. ಪ್ರೌಢ ನಾಟಕಗಳ ಮಟ್ಟಿಗೆ ಈ ಚರ್ಚೆಗೆ ಅವಕಾಶವಿದೆ. ವಿಚಾರಪ್ರಧಾನವಾದ ಸಂಭಾಷಣೆಗೆ ನಾದವು ಮುಸುಕಾಗಬಹುದು. ಮಕ್ಕಳ ರಂಗಕ್ಕೆ ಮಾತ್ರ ಇದೇ ಅಳತೆಗೋಲು ಸಲ್ಲದು. ಅರ್ಥವಾದ ಮೇಲೆ ಹಾಡುವುದು ದೊಡ್ಡವರ ಕ್ರಮ. ಹಾಡುತ್ತ ಹಾಡುತ್ತ ಅರ್ಥಕ್ಕೆ ತಲಪುವುದು ಮಕ್ಕಳ ಕ್ರಮ. ತಾಯಿಯ ಜೋಗುಳದ ಅರ್ಥವನ್ನು ಮೊದಲು ತಿಳಿದು ಆಮೇಲೆ ನಿದ್ರಿಸಿದ ಶಿಶು ಲೋಕದಲ್ಲಿಲ್ಲ.

ಧಾರಾವಿ ಮತ್ತು ನಾವು

ಈಗ ನಮ್ಮ ನಗರದ ವಿಷಯಕ್ಕೆ ಬರೋಣ. ಮಾಹೀಮ–ಮಾಟುಂಗಾ ಪರಿಸರದಲ್ಲಿ ಕನ್ನಡಿಗರ ಸಭಾಗೃಹಗಳಿವೆ; ಅವುಗಳಿಂದ ಕಾಲ್ನಡಿಗೆಯ ದೂರದಲ್ಲಿಯೇ ಧಾರಾವಿಯಿದೆ. ಅಲ್ಲಿ ಕೋಳಿಗರ ಹಳೆಯ ಕೋಳಿವಾಡ, ಸೌರಾಷ್ಟ್ರದಿಂದ ಬಂದ ಕುಂಬಾರರ ಕುಂಭಾರವಾಡ, ತಮಿಳರ ಓಣಿಗಳು ಇವುಗಳ ನಡುವೆ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳೂ ಇವೆ. ಅಲ್ಲಿಯ ಕನ್ನಡದ ಮಗು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷು ಹೀಗೆ ಬೆಳೆಯುತ್ತದೆ. ಅದರ ಎಣಿಕೆಯೇ ಬೇರೆಯಾಗುತ್ತದೆ. ಏಕ್, ದೋನ್, ತೀನ್, ಚಾರ್ ಎಂಬ ಮರಾಠಿ ಸಂಖ್ಯೆಗಳು ವ್ಯಂಜನದಲ್ಲಿ ಮುಗಿದು ಒಂದೊಂದು ತಟ್ಟಿಗೆ ಒಂದೊಂದಾಗಿ ಬಂದು ಬೀಳುತ್ತವೆ. ಕನ್ನಡದ ಸಂಖ್ಯೆಗಳು ಸ್ವರದಲ್ಲಿ ಮುಗಿದು ತೂಗುತ್ತವೆ. ಎರಡೂ ಚೆಲುವೇ. ಆದರೆ ತೂಗುವ ಆ ನಡಿಗೆ ಒಮ್ಮೆ ಕಿವಿಯಿಂದ ಜಾರಿತೆಂದರೆ, ಭಾಷೆಯ ಪದಗಳು ಉಳಿದರೂ ಉಯ್ಯಾಲೆ ಉಳಿಯುವುದಿಲ್ಲ.

ಧಾರಾವಿಗೆ ಸಂಗೀತದ ಕೊರತೆಯಿಲ್ಲ. ಏಕಾರ್ನ್ ಫೌಂಡೇಶನ್ನಿನ ಆಶ್ರಯದಲ್ಲಿ ರೂಪುಗೊಂಡ ‘ಧಾರಾವಿ ರಾಕ್ಸ್’ ಎಂಬ ತಂಡದಲ್ಲಿ ಚಿಂದಿ ಆಯುವ ಮನೆತನಗಳ ಮಕ್ಕಳು ಗುಜರಿಗೆ ಬಂದ ಪ್ಲಾಸ್ಟಿಕ್ ಪೀಪಾಯಿಗಳನ್ನೂ ಬಣ್ಣದ ಡಬ್ಬಿಗಳನ್ನೂ ಬಾರಿಸಿ ಜನಮನ್ನಣೆ ಪಡೆದರು. 2015ರಲ್ಲಿ ಮೊದಲಾದ ‘ಧಾರಾವಿ ಡ್ರೀಮ್ ಪ್ರಾಜೆಕ್ಟ್’ ಮಕ್ಕಳಿಗೆ ಉಚಿತವಾಗಿ ಹಿಪ್-ಹಾಪ್ ಕಲಿಸುತ್ತ ಬಂದಿದೆ. ಮಾತಿನ ಲಯವನ್ನೇ ಹಾಡಾಗಿಸುವುದು, ಬಿಸಾಡಿದ ವಸ್ತುವನ್ನು ವಾದ್ಯವಾಗಿಸುವುದು, ಗುಂಪಾಗಿ ನುಡಿಸುವುದು: ಕಾರಂತರ ಮೂರು ಅಂಶಗಳೂ ಇಲ್ಲಿ ಬೇರೆ ದಾರಿಯಿಂದ ಬಂದು ನೆಲೆಸಿವೆ. ಆ ಮಕ್ಕಳಿಗೆ ಲಯ ಸಿದ್ಧವಾಗಿದೆ, ಡಬ್ಬಿಯೂ ಸಿದ್ಧವಾಗಿದೆ. ಅದರ ಮೇಲೆ ಕೂರಲು ಕನ್ನಡದ ಮಾತನ್ನು ಒಯ್ದು ಕೊಡಬೇಕಾದವರು ನಾವು.

ನಾವು ಮಾಡುತ್ತಿರುವುದೇನು? ವಾರ್ಷಿಕೋತ್ಸವದಂದು ಭಾವಗೀತೆಯ ಸ್ಪರ್ಧೆ, ಒಬ್ಬೊಬ್ಬರೇ ಬಂದು ಒಪ್ಪಿಸುವುದು, ಮೂವರಿಗೆ ಬಹುಮಾನ, ಉಳಿದವರಿಗೆ ಪ್ರಮಾಣಪತ್ರ. ಅಲ್ಲಿಗೆ ಒಂದು ವರ್ಷದ ಕನ್ನಡ ಮುಗಿಯಿತು. ವ್ಯವಹಾರವಿಲ್ಲದ ಖಾತೆಯಲ್ಲಿ ಹಣವಿದ್ದರೂ ಅದನ್ನು ನಿಷ್ಕ್ರಿಯವೆಂದೇ ಬ್ಯಾಂಕು ಬರೆದಿಡುತ್ತದೆ. ಮಕ್ಕಳ ಬಾಯಲ್ಲಿ ಓಡಾಡದ ಭಾಷೆಯ ಗತಿಯೂ ಅಷ್ಟೆ. ನಗರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಕುಗ್ಗುತ್ತಿರುವುದಕ್ಕೆ ನಾವು ಮರುಗುತ್ತೇವೆ. ಮರುಗುವುದು ನ್ಯಾಯವೇ. ಆದರೆ ಅಕ್ಷರದ ಬಾಗಿಲು ಮುಚ್ಚಿದಲ್ಲಿಯೂ ನಾದದ ಬಾಗಿಲು ತೆರೆದಿರುತ್ತದೆಂಬುದನ್ನು ಕಾರಂತರ ಕೆಲಸ ತೋರಿಸಿಕೊಟ್ಟಿದೆ.

ಆದುದರಿಂದ ನಮ್ಮ ಸಂಸ್ಥೆಗಳ ಮುಂದೆ ಎರಡು ಸೂಚನೆಗಳನ್ನು ಇಡಬಯಸುತ್ತೇನೆ. ಪ್ರತಿ ಬೇಸಿಗೆಯಲ್ಲಿ, ಮೈಸೂರಿನ ರಂಗಾಯಣವು ‘ಚಿಣ್ಣರ ಮೇಳ’ವನ್ನು ನಡೆಸುವಂತೆ, ನಾವೂ ಒಂದು ಮಕ್ಕಳ ನಾಟಕದ ತಾಲೀಮನ್ನು ನಡೆಸಬೇಕು, ಅದನ್ನು ಸಭಾಗೃಹದಲ್ಲಲ್ಲದೆ ಧಾರಾವಿಯ ಓಣಿಯಲ್ಲಿಯೇ ನಡೆಸಬೇಕು, ಕನ್ನಡ ಓದಲು ಬಾರದ ಮಗುವನ್ನು ಮೊದಲು ಸೇರಿಸಿಕೊಳ್ಳಬೇಕು. ಎರಡನೆಯದಾಗಿ, ಕಾರಂತರೊಡನೆ ಮಕ್ಕಳಾಗಿದ್ದು ಹಾಡಿದವರು ಇಂದು ನಡುವಯಸ್ಸು ದಾಟುತ್ತಿದ್ದಾರೆ. ಅವರಲ್ಲಿ ಈ ನಗರಕ್ಕೆ ಬಂದು ನೆಲೆಸಿದವರಿದ್ದರೆ ಹುಡುಕಿ, ಅವರ ನೆನಪಿನಲ್ಲಿರುವ ಮಟ್ಟುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ಸ್ವರಲಿಪಿಯು ರಾಗವನ್ನು ಹಿಡಿದಿಡಬಲ್ಲುದು; ಹತ್ತು ಮಕ್ಕಳು ಒಟ್ಟಿಗೆ ಉಸಿರೆಳೆದುಕೊಳ್ಳುವ ಗಳಿಗೆಯನ್ನು ಹಾಡಿದವರ ಕಂಠವೇ ತಿಳಿಸಬೇಕು.