ನಿಮಗಿದು ಗೊತ್ತೇ? ಪಿಯುಸಿಯಿಂದ ಪಿಎಚ್.ಡಿವರೆಗೆ ಭೌತಶಾಸ್ತ್ರದ ದಾರಿ

ಭಾರತಕ್ಕೆ ಭೌತಶಾಸ್ತ್ರದ ನೊಬೆಲ್ ತಂದುಕೊಟ್ಟ ಸಿ.ವಿ. ರಾಮನ್ ಯಾವ ಗೈಡ್ ಬಳಿಯೂ ಪಿಎಚ್.ಡಿ ಮಾಡಿದವರಲ್ಲ. 1907ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಮುಗಿಸಿ, ಹಣಕಾಸು ಇಲಾಖೆಯ ಪರೀಕ್ಷೆ ಪಾಸು ಮಾಡಿ, ಕಲ್ಕತ್ತೆಯಲ್ಲಿ ಸರ್ಕಾರಿ ನೌಕರಿಗೆ ಸೇರಿದರು. ಸಂಶೋಧನೆಗೆ ಸಿಗುತ್ತಿದ್ದುದು ಕಚೇರಿಯ ಹೊತ್ತು ಬಿಟ್ಟು ಉಳಿದ ಸಮಯ ಮಾತ್ರ. ಅವರ ಮೊದಲ ಪ್ರಬಂಧ ‘ಫಿಲಸಾಫಿಕಲ್ ಮ್ಯಾಗಜೀನ್’ನಲ್ಲಿ ಅಚ್ಚಾದದ್ದು 1906ರಲ್ಲಿ, ಅವರಿನ್ನೂ ವಿದ್ಯಾರ್ಥಿಯಾಗಿದ್ದಾಗ.

ಬೋಸಾನ್ ಕಣಗಳಿಗೆ ಯಾರ ಹೆಸರಿದೆಯೋ ಆ ಸತ್ಯೇಂದ್ರನಾಥ ಬೋಸರಿಗೂ ಪಿಎಚ್.ಡಿ ಇರಲಿಲ್ಲ. ಢಾಕಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗುವಾಗ ಅವರ ಕೈಹಿಡಿದದ್ದು ಐನ್‌ಸ್ಟೈನರ ಶಿಫಾರಸು. ಭೌತವಿಜ್ಞಾನಿ ಫ್ರೀಮನ್ ಡೈಸನ್ ಕೂಡ ಪಿಎಚ್.ಡಿ ಪಡೆಯದೆಯೇ ಪ್ರಿನ್ಸ್‌ಟನ್ನಿನಲ್ಲಿ ಪ್ರೊಫೆಸರ್ ಆಗಿದ್ದವರು.

ಇದನ್ನು ಓದಿ ಪದವಿಯ ಲೆಕ್ಕಾಚಾರ ಬೇಡವೆಂದುಕೊಳ್ಳುವವರು ಅನ್ನಾ ಮಣಿ ಅವರ ಕಥೆಯನ್ನೂ ತಿಳಿದುಕೊಳ್ಳಬೇಕು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿದ ಅವರು 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳು ಬೆಳಕಿಗೆ ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಅಳೆದರು. ಒಂದು ರೋಹಿತದ ಚಿತ್ರ ಪಡೆಯಲು ಫೋಟೊ ಫಲಕವನ್ನು 15ರಿಂದ 20 ಗಂಟೆ ಬೆಳಕಿಗೆ ಒಡ್ಡಬೇಕಿತ್ತು. ಎಷ್ಟೋ ರಾತ್ರಿಗಳು ಪ್ರಯೋಗಾಲಯದಲ್ಲೇ ಕಳೆದವು. ಅವರೊಬ್ಬರ ಹೆಸರಿನಲ್ಲೇ ಐದು ಪ್ರಬಂಧಗಳು ಪ್ರಕಟವಾದವು. ಆಗ ವಿಜ್ಞಾನ ಸಂಸ್ಥೆಗೆ ಸ್ವತಃ ಪದವಿ ಕೊಡುವ ಅಧಿಕಾರವಿರಲಿಲ್ಲವಾದ್ದರಿಂದ 1945ರಲ್ಲಿ ಮಹಾಪ್ರಬಂಧ ಮದ್ರಾಸು ವಿಶ್ವವಿದ್ಯಾಲಯಕ್ಕೆ ಹೋಯಿತು. ಎಂ.ಎಸ್ಸಿ. ಇಲ್ಲವೆಂಬ ಒಂದೇ ಕಾರಣಕ್ಕೆ ಪಿಎಚ್.ಡಿ ಸಿಗಲಿಲ್ಲ. ಆ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಮುಂದೆ ಅವರು ಹವಾಮಾನ ಇಲಾಖೆ ಸೇರಿ, ದೇಶದ ಮಾಪನ ಉಪಕರಣಗಳನ್ನು ಇಲ್ಲೇ ತಯಾರಿಸುವ ವ್ಯವಸ್ಥೆಯನ್ನು ಕಟ್ಟಿ ಬೆಳೆಸಿದರು. ಆದರೂ ಆ ನಿರಾಕರಣೆ ಅನ್ಯಾಯವೇ. ದುಡಿಮೆಯಲ್ಲಿ ಕೊರತೆಯಿರಲಿಲ್ಲ, ಕೊರತೆ ಇದ್ದದ್ದು ಕಾಗದದಲ್ಲಿ. ಇಂದಿನ ಮಕ್ಕಳು ಕಾಗದದ ಕೊರತೆಯಿಂದ ಸೋಲಬಾರದು. ಮುಂದಿನ ಮಾಹಿತಿಯೆಲ್ಲ ಅದಕ್ಕಾಗಿಯೇ.

ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರು ಎಂ.ಎಸ್ಸಿ. ಇಲ್ಲದೆಯೇ ನೇರವಾಗಿ ಪಿಎಚ್.ಡಿಗೆ ಅರ್ಹರು ಎಂದು ಯುಜಿಸಿಯ 2022ರ ನಿಯಮ ಹೇಳುತ್ತದೆ. ಮೀಸಲಾತಿ ವರ್ಗದವರಿಗೆ ಶೇ. 5ರಷ್ಟು ರಿಯಾಯಿತಿ ಇದೆ. ಮೂರು ವರ್ಷದ ಪದವಿಯವರಾದರೆ ಎರಡು ವರ್ಷದ ಎಂ.ಎಸ್ಸಿ. ಮಾಡಿ ಅದರಲ್ಲಿ ಶೇ. 55 ಗಳಿಸಿರಬೇಕು.

ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ನಿಯಮ ಬಹಳ ಮುಖ್ಯ. ರಾಜ್ಯದಲ್ಲಿ 2021-22ರಲ್ಲಿ ಶುರುವಾದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಗಿದೆ. ಹಾಗಾಗಿ ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಈಗ ಪಿಸಿಎಂ ಬಿ.ಎಸ್ಸಿ.ಗೆ ಸೇರುವವರು ಎಂ.ಎಸ್ಸಿ.ಯನ್ನೂ ಲೆಕ್ಕಕ್ಕೆ ಹಿಡಿದೇ ಮುಂದಿನ ವರ್ಷಗಳನ್ನು ಯೋಜಿಸಬೇಕು. ಕಾಲೇಜಿಗೆ ಅರ್ಜಿ ಹಾಕುವ ದಿನವೇ ಈ ಮಾತು ಕಿವಿಗೆ ಬೀಳಬೇಕು. ಕೊನೆಯ ಸೆಮಿಸ್ಟರ್‌ನಲ್ಲಿ ಗೊತ್ತಾದರೆ ಒಂದು ವರ್ಷ ಸುಮ್ಮನೆ ಹೋಗಿಬಿಡುತ್ತದೆ.

ಮೂರು ವರ್ಷದ ಬಿ.ಎಸ್ಸಿ. ಮುಗಿಸಿದವರಿಗೆಂದೇ ಇನ್ನೊಂದು ದಾರಿ ಇದೆ, ಅದರ ಹೆಸರು ಇಂಟಿಗ್ರೇಟೆಡ್ ಪಿಎಚ್.ಡಿ. ಒಮ್ಮೆ ಒಳಗೆ ಹೋದರೆ ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ ಎರಡೂ ಒಂದೇ ಕಡೆ. ವಿಜ್ಞಾನ ಸಂಸ್ಥೆಯಲ್ಲೂ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇದು ಇದೆ. ಜಿಲ್ಲಾ ಕೇಂದ್ರದ ಕಾಲೇಜುಗಳಲ್ಲಿ ಇದರ ಸುದ್ದಿ ತಲುಪಿರುವುದು ಕಡಿಮೆ. ಪ್ರಾಂಶುಪಾಲರು ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರೂ ಸಾಕು, ಒಬ್ಬಿಬ್ಬರಾದರೂ ಅರ್ಜಿ ಹಾಕುತ್ತಾರೆ.

ಪಿಯುಸಿಯಿಂದಲೇ ಸಂಶೋಧನೆಯ ಕಡೆ ಹೊರಡುವವರಿಗೆ ವಿಜ್ಞಾನ ಸಂಸ್ಥೆ 2011ರಿಂದ ನಾಲ್ಕು ವರ್ಷದ ಪದವಿ ನಡೆಸುತ್ತಿದೆ. ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳಲ್ಲಿ ಐದು ವರ್ಷದ ಬಿಎಸ್-ಎಂಎಸ್. ಮೊದಲ ಎರಡು ಐಸರ್‌ಗಳು ಆರಂಭವಾದದ್ದು 2006ರಲ್ಲಿ, ಪುಣೆ ಮತ್ತು ಕೋಲ್ಕತ್ತದಲ್ಲಿ. ಈಗ ಒಟ್ಟು ಏಳು ಇವೆ, ಕರ್ನಾಟಕದಲ್ಲಿ ಒಂದೂ ಇಲ್ಲ. ನಮ್ಮವರಿಗೆ ಹತ್ತಿರದವು ತಿರುಪತಿ, ಪುಣೆ, ತಿರುವನಂತಪುರ.

ಪಿಎಚ್.ಡಿ ಎಂದರೆ ಮನೆಯಿಂದ ಇನ್ನೂ ಐದಾರು ವರ್ಷ ಹಣ ತರಿಸಿಕೊಳ್ಳುವುದು ಎಂಬ ಭಯ ಎಷ್ಟೋ ಮನೆಗಳಲ್ಲಿದೆ. ನಿಜವೆಂದರೆ ಹಣ ವಿದ್ಯಾರ್ಥಿಗೇ ಬರುತ್ತದೆ. ಕೇಂದ್ರದ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಸೀನಿಯರ್ ಆದಾಗ 42,000. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಈ ಎರಡು ಅಂಕಿಗಳನ್ನು ಮೊದಲು ಅಪ್ಪ ಅಮ್ಮನಿಗೆ ಹೇಳಿ, ಆಮೇಲೆ ಉಳಿದ ಮಾತು. ಹೆಣ್ಣುಮಕ್ಕಳ ಮನೆಯಲ್ಲಂತೂ ಮಾತುಕತೆಯ ದಿಕ್ಕೇ ಬದಲಾಗಬಹುದು.

ಎಂಜಿನಿಯರಿಂಗ್ ಸೇರಿಬಿಟ್ಟೆ, ಇನ್ನು ಭೌತಶಾಸ್ತ್ರ ಮುಗಿಯಿತು ಎಂದು ಕೊರಗುವವರೇ, ಹೋಮಿ ಭಾಭಾ ಕೇಂಬ್ರಿಡ್ಜ್‌ಗೆ ಹೋದದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು. ಮಗ ಹಿಂತಿರುಗಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. ತನಗೆ ಭೌತಶಾಸ್ತ್ರವೇ ಬೇಕೆಂದು ಮಗ ಕಾಗದ ಬರೆದ. ಮೊದಲು ಎಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ತೆಗೆ, ಆಮೇಲೆ ನಿನ್ನಿಷ್ಟದ್ದು ಓದು ಎಂದು ತಂದೆ ಷರತ್ತು ಹಾಕಿದರು. 1930ರಲ್ಲಿ ಮಗ ಫಸ್ಟ್ ಕ್ಲಾಸ್ ತೆಗೆದೇಬಿಟ್ಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಭಾಭಾ ಅಲ್ಲಿ ವಿಶ್ವಕಿರಣಗಳ ಸಂಶೋಧನಾ ಘಟಕ ತೆರೆದರು. ಮುಂಬೈಯದೆಂದೇ ನಾವು ತಿಳಿದಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಶುರುವಾದದ್ದು ಆ ಘಟಕದಲ್ಲೇ, ನಮ್ಮ ಊರಿನಲ್ಲೇ!

ಬಿ.ಇ. ಆದವರು ಇಂದಿಗೂ ಗೇಟ್‌ನ ಭೌತಶಾಸ್ತ್ರ ಪತ್ರಿಕೆ ಬರೆಯಬಹುದು, ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ಪಿಎಚ್.ಡಿಗೆ ಅರ್ಜಿ ಹಾಕಬಹುದು.

ಯಾವ ಪರೀಕ್ಷೆ ಯಾವುದಕ್ಕೆ ಎಂಬ ಗೊಂದಲಕ್ಕೆ ಚುಟುಕಾಗಿ ಉತ್ತರ: ಬಿ.ಎಸ್ಸಿ. ನಂತರ ಐಐಟಿಗಳಲ್ಲಿ ಎಂ.ಎಸ್ಸಿ.ಗೆ ಮತ್ತು ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿಗೆ ಜಾಮ್. ಸಂಶೋಧನಾ ಸಂಸ್ಥೆಗಳ ಬಾಗಿಲಿಗೆ ಜೆಸ್ಟ್. ರಾಮನ್ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವಾದ ಐಸಿಟಿಎಸ್ ಮೂರೂ ಇದರ ಅಂಕ ನೋಡುತ್ತವೆ. ಫೆಲೋಶಿಪ್ ಕೈಯಲ್ಲಿಟ್ಟುಕೊಂಡು ಯಾವ ವಿಶ್ವವಿದ್ಯಾಲಯಕ್ಕಾದರೂ ಹೋಗಲು ಸಿಎಸ್‌ಐಆರ್ ನೆಟ್. ಗೇಟ್ ಅಂಕ ಮೂರು ವರ್ಷ ಬಾಳುತ್ತದೆ.

ನೆಟ್‌ನಲ್ಲಿ 200 ಅಂಕಗಳ ಪೈಕಿ 30 ಭೌತಶಾಸ್ತ್ರದ್ದಲ್ಲ. ಸಾಮಾನ್ಯ ತರ್ಕ, ಅಂಕಗಣಿತ, ನಕ್ಷೆ ಓದುವುದು ಇತ್ಯಾದಿ. ಗೇಟ್‌ನಲ್ಲೂ 100ಕ್ಕೆ 15 ಇಂಥವೇ. ಕ್ವಾಂಟಮ್‌ನಲ್ಲಿ ಪಳಗಿದವರು ಇದನ್ನು ಕಡೆಗಣಿಸುವುದುಂಟು.

ಜಾಮ್‌ನ ಭೌತಶಾಸ್ತ್ರ ಪಠ್ಯಕ್ರಮದಲ್ಲಿ ಮೊದಲ ಅಧ್ಯಾಯವೇ ಗಣಿತ. ಕಲನ, ಸದಿಶಗಳು, ಮಾತೃಕೆಗಳು, ಅವಕಲ ಸಮೀಕರಣಗಳು. ಇದು ಪರೀಕ್ಷೆಗಾಗಿ ಮಾಡಿದ ಏರ್ಪಾಡಷ್ಟೇ ಅಲ್ಲ. ಕ್ವಾಂಟಮ್ ಯಂತ್ರಶಾಸ್ತ್ರದ ಭಾಷೆಯೇ ರೇಖೀಯ ಬೀಜಗಣಿತ. ವಿದ್ಯುತ್ಕಾಂತತೆಯ ಭಾಷೆ ಸದಿಶ ಕಲನ. ಬಿ.ಎಸ್ಸಿ.ಯಲ್ಲಿ ಗಣಿತವನ್ನು ಪಾಸಾಗುವಷ್ಟು ಓದಿ ಭೌತಶಾಸ್ತ್ರವನ್ನು ಪ್ರೀತಿಯಿಂದ ಓದಿದವರು ಎಂ.ಎಸ್ಸಿ.ಯ ಮೊದಲ ಸೆಮಿಸ್ಟರ್‌ನಲ್ಲೇ ಏದುಸಿರು ಬಿಡುತ್ತಾರೆ. ಪಿಸಿಎಂ ಕಾಂಬಿನೇಷನ್‌ನ ಕೊನೆಯ ಅಕ್ಷರಕ್ಕೂ ಮೊದಲಿನದಕ್ಕೆ ಕೊಟ್ಟಷ್ಟೇ ಸಂಜೆಗಳನ್ನು ಕೊಡಿ. ಕಲಿಸುವವರು ಸಿಗದಿದ್ದರೆ ಎನ್‌ಪಿಟೆಲ್‌ನಲ್ಲಿ ಐಐಟಿ ಮದ್ರಾಸಿನ ವಿ. ಬಾಲಕೃಷ್ಣನ್ ಅವರ ಪಾಠಗಳು ಉಚಿತವಾಗಿವೆ. ಕಪ್ಪುಹಲಗೆಯ ಮೇಲೆ ಬರೆಯುತ್ತಾ, ಅವಸರವಿಲ್ಲದೆ ಬಿಡಿಸಿ ಹೇಳುವ ಅಂಥ ಮೇಷ್ಟ್ರು ಈಗ ಬೀದರಿನ ವಿದ್ಯಾರ್ಥಿಗೂ ಸಿಗುತ್ತಾರೆ, ಬೆಂಗಳೂರಿನವರಿಗೂ ಸಿಗುತ್ತಾರೆ.

ಹೊಸ ಸಂಶೋಧನಾ ಪ್ರಬಂಧಗಳನ್ನು ಓದಲು ದುಡ್ಡು ಬೇಕಿಲ್ಲ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರು ಮಾಡಿದ ಆರ್ಕೈವ್ ತಾಣದಲ್ಲಿ ಭೌತಶಾಸ್ತ್ರದ ಲಕ್ಷಾಂತರ ಪ್ರಬಂಧಗಳು ಎಲ್ಲರಿಗೂ ತೆರೆದಿವೆ.

ಬೇಸಿಗೆ ರಜೆಯ ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ ಮಾಡಲು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಫೆಲೋಶಿಪ್ ಕೊಡುತ್ತವೆ. ಅವುಗಳಲ್ಲೊಂದಾದ ಭಾರತೀಯ ವಿಜ್ಞಾನ ಅಕಾಡೆಮಿ ಇರುವುದು ಬೆಂಗಳೂರಿನ ಸದಾಶಿವನಗರದಲ್ಲಿ. ವಿದ್ಯಾರ್ಥಿಗಳಷ್ಟೇ ಅಲ್ಲ, ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದು. ಹೆಚ್ಚಿನವರಿಗೆ ಈ ಎರಡನೆಯದು ಗೊತ್ತೇ ಇಲ್ಲ. ಅಂಥ ಎರಡು ತಿಂಗಳು ಕಲಿಸುವುದನ್ನು ಎರಡು ಸೆಮಿಸ್ಟರ್ ಕಲಿಸಲಾರವು: ಉಪಕರಣ ಕೈಕೊಟ್ಟಾಗ ಏನು ಮಾಡಬೇಕು, ಉತ್ತರ ಪುಸ್ತಕದ ಹಿಂಭಾಗದಲ್ಲಿ ಇಲ್ಲದಿದ್ದಾಗ ಹೇಗೆ ಯೋಚಿಸಬೇಕು. ನಾಳೆ ಶಿಫಾರಸು ಪತ್ರ ಬರೆಯುವವರಿಗೂ ನಿಮ್ಮ ಅಂಕಪಟ್ಟಿಯ ಆಚೆಗೆ ಹೇಳಲು ಏನಾದರೂ ಸಿಗುತ್ತದೆ.

ಬೆಂಗಳೂರಿನ ನೆಹರು ತಾರಾಲಯದಲ್ಲಿ ತಾರೆಗಳ ಪ್ರದರ್ಶನ ನೋಡಿ ಬಂದವರು ಲಕ್ಷಾಂತರ. ಅದೇ ಆವರಣದಲ್ಲಿ ಪದವಿ ವಿದ್ಯಾರ್ಥಿಗಳಿಗೆ ರೀಪ್ ಎಂಬ ವಾರಾಂತ್ಯದ ಭೌತಶಾಸ್ತ್ರ ತರಗತಿಗಳು ನಡೆಯುತ್ತವೆ ಎಂಬುದು ತಿಳಿದವರು ಕಡಿಮೆ. ಕಾಲೇಜು ಬೇರೆಯಿದ್ದರೂ ಆಸಕ್ತರು ಒಂದೆಡೆ ಕೂಡುವ ಜಾಗ ಅದು.

ಆ ತಾರಾಲಯದ ಮೊದಲ ನಿರ್ದೇಶಕ ಸಿ.ವಿ. ವಿಶ್ವೇಶ್ವರ ಓದಿದ ದಾರಿಯನ್ನೇ ನೋಡಿ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಮುಗಿಸಿದವರು. ಅಮೆರಿಕದ ಕೊಲಂಬಿಯಾದಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಮಾರ್ಗದರ್ಶನದಲ್ಲಿ 1968ರಲ್ಲಿ ಪಿಎಚ್.ಡಿ. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಒಡೆದುಹೋದೀತೇ, ಸ್ಥಿರವಾಗಿ ನಿಂತೀತೇ ಎಂಬುದು ಅವರ ಪ್ರಶ್ನೆ. ಕಪ್ಪುಕುಳಿ ಎಂಬುದು ನಿಜಕ್ಕೂ ಇದೆಯೇ ಎಂದು ಬಹಳ ವಿಜ್ಞಾನಿಗಳಿಗೆ ಆಗಿನ್ನೂ ಅನುಮಾನ. ಅಲುಗಿದ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ತನ್ನದೇ ಸ್ವರದಲ್ಲಿ ಮಿಡಿದು ತಣ್ಣಗಾಗುತ್ತದೆ ಎಂದು 1970ರ ಪ್ರಬಂಧದಲ್ಲಿ ಲೆಕ್ಕ ಹಾಕಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಮೊದಲ ಬಾರಿ ಗುರುತ್ವ ಅಲೆಗಳನ್ನು ಹಿಡಿದಾಗ, ಆ ಸಂಕೇತದ ತುದಿಯಲ್ಲಿ ಇಂಥದೇ ಮಿಡಿತವಿತ್ತು. ಲೆಕ್ಕಕ್ಕೂ ಸಾಕ್ಷಿಗೂ ನಡುವೆ 45 ವರ್ಷ. ಅದನ್ನು ನೋಡಲು ವಿಶ್ವೇಶ್ವರ ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ಕನ್ನಡಿಗರ ಮನೆಮನೆಯಲ್ಲೂ ಗೊತ್ತಿರಬೇಕಾದ ಹೆಸರು ಇದು.

ಅಮೆರಿಕದಲ್ಲಿ ಭೌತಶಾಸ್ತ್ರ ಪಿಎಚ್.ಡಿಗೆ ಎಂ.ಎಸ್ಸಿ. ಆಗಿರಲೇಬೇಕೆಂದಿಲ್ಲ, ನಾಲ್ಕು ವರ್ಷದ ಪದವಿ ಸಾಕು. ಆದರೆ ನಮ್ಮ ಮೂರು ವರ್ಷದ ಬಿ.ಎಸ್ಸಿ. ಮಾತ್ರ ಇದ್ದರೆ ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಪ್ರವೇಶ ಸಿಕ್ಕವರಿಗೆ ಸಾಮಾನ್ಯವಾಗಿ ಶುಲ್ಕ ಮಾಫಿ. ಕಿರಿಯರಿಗೆ ಪಾಠ ಹೇಳುವ ಅಥವಾ ಸಂಶೋಧನೆಯಲ್ಲಿ ನೆರವಾಗುವ ಕೆಲಸಕ್ಕೆ ಸಂಬಳ. ಮೂರು ಶಿಫಾರಸು ಪತ್ರಗಳು ಬೇಕು. ಒಮ್ಮೆ ಕಡ್ಡಾಯವಾಗಿದ್ದ ಭೌತಶಾಸ್ತ್ರ ಜಿಆರ್‌ಇಯನ್ನು ಹಲವು ವಿಶ್ವವಿದ್ಯಾಲಯಗಳು ಈಗ ಕೇಳುವುದಿಲ್ಲ.

ಜರ್ಮನಿಯದು ಬೇರೆ ಕ್ರಮ. ಅಲ್ಲಿ ಪಿಎಚ್.ಡಿಗೆ ಮೊದಲು ಸ್ನಾತಕೋತ್ತರ ಪದವಿ ಇರಬೇಕು. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ಪಡೆಯುತ್ತದೆ.

ಓದಿಗಾಗಿ ಊರು ಬಿಡುವುದು ಹೊಸದೇನಲ್ಲ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಪ್ರೌಢಶಾಲೆ ಓದಿದ್ದು ಉಡುಪಿಯಲ್ಲಿ, ಬಿ.ಎಸ್ಸಿ. ಅನಂತಪುರದಲ್ಲಿ, ಎಂ.ಎಸ್ಸಿ. ಬನಾರಸ್‌ನಲ್ಲಿ. ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರ ಬಳಿ ವಿಶ್ವಕಿರಣಗಳ ಮೇಲೆ ಪಿಎಚ್.ಡಿ. 1975ರ ‘ಆರ್ಯಭಟ’ ಉಪಗ್ರಹ ಅವರ ನೇತೃತ್ವದಲ್ಲಿ ತಯಾರಾದದ್ದು ಪೀಣ್ಯದ ಶೆಡ್‌ಗಳಲ್ಲಿ.

ವಯಸ್ಸು ಮೀರಿತು ಎನ್ನುವವರು ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1946ರಿಂದ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. 1960ರಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಪಿಎಚ್.ಡಿ ಪಡೆದಾಗ ಅವರಿಗೆ ನಲವತ್ತರ ಹತ್ತಿರ. ವಾಪಸ್ ಬಂದು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಿಜ್ಞಾನಿಗಳ ಉಪನ್ಯಾಸ ಕೇಳಲು ಯಾರು ಬೇಕಾದರೂ ಬಂದು ಕೂರಬಹುದಾದ ಜಾಗ. ಅವರ ತಾಲ್ಲೂಕಿನಲ್ಲೇ ಈಗ ಗೌರಿಬಿದನೂರು ರೇಡಿಯೊ ವೀಕ್ಷಣಾಲಯವೂ ಇದೆ, ಸೂರ್ಯನಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುತ್ತಿದೆ.

ಇನ್ನು ಕ್ಯಾಲೆಂಡರ್. ಗೇಟ್ ಮತ್ತು ಜಾಮ್ ಪರೀಕ್ಷೆ ನಡೆಯುವುದು ಫೆಬ್ರುವರಿ ಆಸುಪಾಸಿನಲ್ಲಾದರೂ ಅರ್ಜಿ ತೆರೆಯುವುದು ಅದರ ಹಿಂದಿನ ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಬೇಕಾದದ್ದು ಚಳಿಗಾಲದ ಹೊತ್ತಿಗೆ. ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳಿಗೆ ಡಿಸೆಂಬರ್ ಗಡುವು. ಎಲ್ಲವೂ ಅಂತಿಮ ವರ್ಷದ ಮೊದಲ ಸೆಮಿಸ್ಟರ್‌ನ ಗಡಿಬಿಡಿಯ ನಡುವೆಯೇ ಬರುತ್ತವೆ. ಪದವಿ ಮುಗಿದ ಮೇಲೆ ನೋಡೋಣ ಎಂದು ಕೂರುವ ಅಗತ್ಯವಿಲ್ಲ. ಜಾಮ್, ಗೇಟ್ ಎರಡಕ್ಕೂ ಅಂತಿಮ ವರ್ಷದಲ್ಲಿ ಓದುತ್ತಿರುವವರು ಅರ್ಜಿ ಹಾಕಬಹುದು, ಕೊನೆಯ ಮಾರ್ಕ್ಸ್ ಕಾರ್ಡನ್ನು ಪ್ರವೇಶ ಸಿಕ್ಕ ಮೇಲೆ ಕೊಟ್ಟರಾಯಿತು.