ಓಟದ ಶೂ: ಅಟ್ಟೆ ಏನು ಮಾಡುತ್ತದೆ, ಏನು ಮಾಡದು?

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಮೈದಾನಗಳಲ್ಲಿ, ರಸ್ತೆಗಳಲ್ಲಿ ನಸುಕಿನಲ್ಲೇ ಓಡುವವರು ಕಾಣಸಿಗುತ್ತಾರೆ. ಕೆಲವರು ಪೊಲೀಸ್ ಅಥವಾ ಸೇನಾ ನೇಮಕಾತಿಯ ಓಟಕ್ಕೆ ಸಿದ್ಧರಾಗುವವರು, ಕೆಲವರು ಆರೋಗ್ಯಕ್ಕಾಗಿ ಐದಾರು ಕಿಲೋಮೀಟರ್ ಓಡಲು ಹೊರಟವರು. ಆರಂಭಿಸಿದ ಕೆಲವೇ ವಾರಗಳಲ್ಲಿ ಹಲವರಿಗೆ ಮೊಣಕಾಲು ನೋಯುತ್ತದೆ. 'ಇನ್ನೂ ಮೆತ್ತನೆಯ, ಇನ್ನೂ ದುಬಾರಿಯ ಶೂ ಕೊಂಡುಕೊ' ಎಂಬ ಸಲಹೆ ಆಗ ತಪ್ಪದೆ ಸಿಗುತ್ತದೆ. ಅಷ್ಟು ಹಣ ತೆರುವ ಮುನ್ನ ನ್ಯೂಟನ್‌ನ ನಿಯಮಗಳನ್ನು ಒಮ್ಮೆ ಅನ್ವಯಿಸಿ ನೋಡೋಣ.

ಒಂದು ಹೆಜ್ಜೆಯ ಲೆಕ್ಕ

ನೀವು 60 ಕಿ.ಗ್ರಾಂ. ತೂಗುವಿರೆಂದು ಇಟ್ಟುಕೊಳ್ಳಿ. ಭೂಮಿ ನಿಮ್ಮನ್ನು ಸದಾ ಸುಮಾರು 590 ನ್ಯೂಟನ್ ಬಲದಿಂದ ಕೆಳಗೆಳೆಯುತ್ತದೆ. ನಿಮಿಷಕ್ಕೆ 160 ಹೆಜ್ಜೆ ಹಾಕಿದರೆ ಒಂದು ಹೆಜ್ಜೆಗೆ 0.375 ಸೆಕೆಂಡು. ಅದರಲ್ಲಿ ಪಾದ ನೆಲಕ್ಕೆ ತಾಗಿರುವುದು ಸುಮಾರು 0.25 ಸೆಕೆಂಡು, ಉಳಿದ ಕಾಲ ಎರಡೂ ಪಾದಗಳು ಗಾಳಿಯಲ್ಲಿರುತ್ತವೆ. ಹೀಗಾಗಿ ಗುರುತ್ವವು 0.375 ಸೆಕೆಂಡಿನಲ್ಲಿ ಕೊಡುವ ಆವೇಗವನ್ನು (ಬಲ × ಕಾಲ) ನೆಲವು 0.25 ಸೆಕೆಂಡಿನಲ್ಲೇ ಹಿಂದಿರುಗಿಸಬೇಕು. ಅಂದರೆ ನೆಲ ಮೇಲಕ್ಕೆ ಒತ್ತುವ ಸರಾಸರಿ ಬಲ ನಿಮ್ಮ ತೂಕದ ಒಂದೂವರೆ ಪಟ್ಟು, ಸುಮಾರು 885 ನ್ಯೂಟನ್. ಈ ಬಲ ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುವುದರಿಂದ, ಅದರ ಗರಿಷ್ಠ ಮೌಲ್ಯ ತೂಕದ ಎರಡೂಕಾಲು ಪಟ್ಟನ್ನೂ ಮೀರುತ್ತದೆ. ಪ್ರಯೋಗಶಾಲೆಗಳಲ್ಲಿ ಅಳೆದಾಗ ಸಿಗುವುದೂ ಎರಡರಿಂದ ಮೂರು ಪಟ್ಟು.

ಈ ಲೆಕ್ಕದಲ್ಲಿ ಶೂವಿನ ಪ್ರಸ್ತಾಪವೇ ಬರಲಿಲ್ಲ, ಗಮನಿಸಿದಿರಾ? ಹೆಜ್ಜೆಯ ಅವಧಿಗಳು ಬದಲಾಗದಿದ್ದರೆ, ಎಷ್ಟೇ ಬೆಲೆಯ ಅಟ್ಟೆಯೂ ಆ ಸರಾಸರಿ ಬಲವನ್ನು ತಗ್ಗಿಸಲಾರದು.

ಹಾಗಾದರೆ ಶೂ ಏಕೆ?

ಹಿಮ್ಮಡಿ ನೆಲಕ್ಕೆ ಬಡಿದ ಮೊದಲ ಕ್ಷಣದಲ್ಲಿ ಬಲ ಥಟ್ಟನೆ ಏರುತ್ತದೆ. ಅಟ್ಟೆಯ ಫೋಮ್ ಕುಗ್ಗುತ್ತಾ ಆ ಹೊಡೆತವನ್ನು ತುಸು ಹೆಚ್ಚು ಕಾಲಕ್ಕೆ ಹರಡುತ್ತದೆ. ಬಲವನ್ನು ಹೆಚ್ಚು ವಿಸ್ತೀರ್ಣಕ್ಕೆ ಹಂಚಿ ಒತ್ತಡ ತಗ್ಗಿಸುತ್ತದೆ. ಕಲ್ಲು, ಜಾಲಿಮುಳ್ಳು, ಕಾದ ಡಾಂಬರಿನಿಂದ ಪಾದವನ್ನು ಕಾಯುತ್ತದೆ. ಉಳಿದ ಭಾರ ಹೊರುವುದು ನಿಮ್ಮ ಸ್ನಾಯು, ಮೂಳೆ, ಸ್ನಾಯುರಜ್ಜು ಮತ್ತು ಸ್ಪ್ರಿಂಗಿನಂತಿರುವ ಪಾದದ ಕಮಾನು. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ ಶೂ ತೊಟ್ಟು ಗೆದ್ದರು. ಎರಡು ಓಟಗಳಲ್ಲೂ ಇದ್ದದ್ದು ಚೆನ್ನಾಗಿ ಪಳಗಿದ ಅವೇ ಕಾಲುಗಳು.

ಕಿಲೋಮೀಟರಿಗೆ 7 ನಿಮಿಷದಂತೆ 5 ಕಿ.ಮೀ. ಓಡಿದರೆ 5600 ಹೆಜ್ಜೆ; ಒಂದೊಂದು ಕಾಲಿಗೂ 2800 ಹೊಡೆತ. ಉಸಿರಾಟ ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. 'ದಮ್ಮು ಇದೆ' ಎಂದು ದೂರವನ್ನು ಒಮ್ಮೆಲೇ ಹೆಚ್ಚಿಸಿದವರಿಗೆ ನೋವು ಬರುವುದು ಇದರಿಂದಲೇ. ಮೂಳೆಯ ಒಂದೇ ಜಾಗದಲ್ಲಿ ಒತ್ತಿದಾಗ ನೋಯುತ್ತಿದ್ದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಿ.

ಒದ್ದೆ ಪಾದದ ಗುರುತು ನೋಡಿ, ಕಮಾನಿಗೆ ತಕ್ಕ ಶೂ ಆರಿಸಬೇಕೆಂಬ ನಂಬಿಕೆ ಬಹಳ ಕಾಲದಿಂದ ಇದೆ. ಅಮೆರಿಕದ ಸೇನಾಪಡೆಗಳಲ್ಲಿ ತರಬೇತಿ ಪಡೆಯುತ್ತಿದ್ದವರ ಮೇಲೆ ಇದನ್ನು ಪರೀಕ್ಷಿಸಲಾಯಿತು. ಪಾದದ ಆಕಾರ ನೋಡಿ ಶೂ ಕೊಟ್ಟವರಿಗೂ, ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟ ಗುಂಪಿಗೂ ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೊದಲು ನೋಡಬೇಕಾದ್ದು ಹಾಯೆನಿಸುತ್ತದೆಯೇ ಎಂಬುದನ್ನು ಎಂದು ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ವಾದಿಸಿದರು.

ನೆಲಕ್ಕೆ ತಕ್ಕ ಅಟ್ಟೆ

ಬಳ್ಳಾರಿಯ ಡಾಂಬರು, ಕಾಂಕ್ರೀಟು ರಸ್ತೆಗಳಿಗೆ ಸಾಧಾರಣ ದಪ್ಪದ ಫೋಮ್, ಆಳವಿಲ್ಲದ ಗೀರುಗಳು ಸಾಕು. ಇಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಗೆ ಫೋಮ್ ಮೆದುವಾಗುವುದರಿಂದ ಶೂವನ್ನು ಬಿಸಿಲಲ್ಲಿ ಒಣಗಿಸಬೇಡಿ, ನೆರಳಲ್ಲಿಡಿ. ಕುರುಗೋಡಿನ ಗ್ರಾನೈಟ್ ಗುಡ್ಡಗಳ ಆಸುಪಾಸಿನ ಕಲ್ಲು ದಾರಿಯಲ್ಲಿ ತೀರಾ ಮೆತ್ತನೆಯ, ಎತ್ತರದ ಅಟ್ಟೆ ಪಾದವನ್ನು ಹೊರಳಿಸಬಹುದು. ಗಟ್ಟಿ ರಬ್ಬರಿನ, ಅಗಲ ತಳದ ಶೂ ಲೇಸು. ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಮಳೆ ಬಿದ್ದರೆ ಎರೆಮಣ್ಣು ಗೀರುಗಳಲ್ಲಿ ತುಂಬಿ ಹಿಡಿತ ತಪ್ಪುತ್ತದೆ, ಭಾರವೂ ಹೆಚ್ಚುತ್ತದೆ. ಪ್ರತಿ ಶೂವಿಗೆ 100 ಗ್ರಾಂ ಸೇರಿದರೆ ಓಟದ ಶಕ್ತಿವ್ಯಯ ಸುಮಾರು ಶೇ. 1ರಷ್ಟು ಏರುತ್ತದೆ. ಅಂಥ ದಿನ ಹೊಲದ ದಾರಿ ಬಿಟ್ಟು ರಸ್ತೆಯಲ್ಲಿ ಓಡಿ.

ಅಂಗಡಿಯಲ್ಲಿ

ಸಂಜೆ ಹೋಗಿ, ದಿನವಿಡೀ ಓಡಾಡಿದ ಪಾದ ಆಗ ತುಸು ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಳ್ಳಿ. ಎರಡೂ ಶೂ ತೊಟ್ಟು ನಿಂತಾಗ ಉದ್ದನೆಯ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಹಿಮ್ಮಡಿ ಜಾರಬಾರದು, ಬೆರಳುಗಳು ಒತ್ತಿಕೊಳ್ಳಬಾರದು. ಶೂ ಮಡಿಸಿದಾಗ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಅಲ್ಲ. ಹತ್ತು ಹೆಜ್ಜೆ ಓಡಿ ನೋಡಿ. 'ಹಾಕಿಕೊಳ್ಳುತ್ತಾ ಸಡಿಲವಾಗುತ್ತದೆ' ಎಂಬ ಮಾತಿಗೆ ಒಪ್ಪಬೇಡಿ.

ತರಗತಿಯಲ್ಲಿ ಮಾಡಿ ನೋಡಿ

ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲಿನಿಂದ ವಿದ್ಯಾರ್ಥಿಯೊಬ್ಬನ ಓಟವನ್ನು ಬದಿಯಿಂದ ಚಿತ್ರೀಕರಿಸಿ. ಪಾದ ನೆಲದ ಮೇಲಿರುವ ಚಿತ್ರಗಳನ್ನು ಎಣಿಸಿ. 60 ಇದ್ದರೆ ಸ್ಪರ್ಶಕಾಲ 0.25 ಸೆಕೆಂಡು. ಒಂದು ಪಾದ ತಾಗಿದಲ್ಲಿಂದ ಇನ್ನೊಂದು ಪಾದ ತಾಗುವವರೆಗಿನ ಚಿತ್ರಗಳನ್ನೂ ಎಣಿಸಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಸರಾಸರಿ ಬಲ ತೂಕದ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಬೇರೆ ಬೇರೆ ಶೂ ಹಾಕಿಸಿ ಇದನ್ನೇ ಮತ್ತೆ ಮಾಡಿ. ದುಬಾರಿ ಶೂ ಈ ಸಂಖ್ಯೆಯನ್ನು ಎಷ್ಟು ಬದಲಿಸಿತೆಂದು ವಿದ್ಯಾರ್ಥಿಗಳೇ ಹೇಳಲಿ.